ಹಿಡಿ ಜೋಳಕ್ಕೆ ಅತ್ತೆ ಹೇಳುತ್ತಿದ್ದ ಮಾತು

ಅಂದು ಬೆಳಿಗ್ಗೆ ಅತ್ತೆ ಎಂದಿನಂತೆ ಜೋಳ ಅಳೆದರು. ಆ ದಿನದ ನುಚ್ಚಿಗೆ ಎಷ್ಟು ಬೇಕೋ ಅಷ್ಟನ್ನು ಮೊರಕ್ಕೆ ಸುರಿದುಕೊಂಡು, ಕಲ್ಲು ಕಡ್ಡಿ ಆರಿಸಿ, ಅದರಲ್ಲಿ ಒಂದು ಹಿಡಿ ತೆಗೆದು ಒಲೆ ಪಕ್ಕದ ಮಣ್ಣಿನ ಗಡಿಗೆಗೆ ಹಾಕಿದರು. ಹಾಕುವ ಮುಂಚೆ ಮುಷ್ಟಿಯನ್ನು ಗಡಿಗೆಯ ಬಾಯಿ ಮೇಲೆ ಒಂದು ಗಳಿಗೆ ಹಿಡಿದರು. ತುಟಿ ಅಲುಗಿತು. ದನಿ ಹೊರಗೆ ಬರಲಿಲ್ಲ. ಅದೂ ದಿನಾ ಇದ್ದದ್ದೇ. ನಾನು ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಾ ನೋಡಿದೆ. ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು.

ಸಿರುಗುಪ್ಪ ನನ್ನ ತವರು. ಕ್ರಿಸ್‌ಮಸ್ ಮುಗಿದು, ಅಲ್ಲಿ ಕಾಲುವೆ ನೀರಿನ ಗದ್ದೆಗಳ ಕೊಯ್ಲೂ ಮುಗಿದಿತ್ತು. ಹೊಸ ಅಕ್ಕಿ ತಂದುಕೊಡು ಎಂದು ಅತ್ತೆಯೇ ನನ್ನನ್ನು ಕಳಿಸುತ್ತಿದ್ದರು.

"ಮನಿಗಲ್ಲವ್ವ" ಎಂದರು. "ಆಸ್ಪತ್ರಿ ವಾರ್ಡಿನಾಗ ಜ್ವರದವರು ಭಾಳ ಮಂದಿ ಅದಾರ. ಜೋಳದ ಗಂಜಿ ಗಂಟಲದಾಗ ಇಳಿಯಂಗಿಲ್ಲ ಅಂತಾರ. ಹೊಸ ಅಕ್ಕಿ ಗಂಜಿ ಮೆತ್ತಗ ಆಗತೈತಿ."

"ನನ್ನ ತವರಿನ ಅಕ್ಕಿ ಅಂದ್ರ ಮಾತ್ರ ನಿಮಗ ನೆನಪು. ಆ ತವರಿಂದ ಬಂದ ಸೊಸಿ ನೆನಪಿಲ್ಲ" ಎಂದೆ.

"ಸೊಸಿ ದಿನಾ ಕಣ್ಮುಂದ ಇರತಾಳಲ್ಲ. ಅಕ್ಕಿ ಇರಂಗಿಲ್ಲ" ಎಂದು ನಕ್ಕರು.

ನಾವು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೆವು. ನನ್ನ ಯಜಮಾನರು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಚರ್ಚಿನ ಸಭೆಯ ಹೆಂಗಸರಲ್ಲಿ ಹಿಡಿ ಕಾಳಿನ ರೂಢಿ ಹಿಂದಿನಿಂದಲೂ ಇತ್ತು. ಅಡಿಗೆಗೆ ಅಳೆದಾಗೆಲ್ಲ ಒಂದು ಹಿಡಿ ಎತ್ತಿಟ್ಟು, ಭಾನುವಾರ ದೇವಾಲಯಕ್ಕೆ ತಂದು ಒಪ್ಪಿಸುವುದು. ಹಾಗೆ ಕೂಡಿದ ಕಾಳನ್ನೆಲ್ಲ ಪಾದ್ರಿ ಅಯ್ಯನವರು ಅತ್ತೆಯ ವಶಕ್ಕೆ ಕೊಡುತ್ತಿದ್ದರು. ಅದನ್ನು ಬೀಸಿ, ಗಂಜಿ ಕಾಸಿ, ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಒಯ್ಯುವುದು ನಮ್ಮ ಮನೆಯ ಕೆಲಸ. ಕಾಸುವುದು ನನ್ನ ಪಾಲು, ಒಯ್ಯುವುದು ಅತ್ತೆಯ ಪಾಲು. ನಮ್ಮಿಬ್ಬರ ನಡುವೆ ಅದು ಯಾವತ್ತೂ ಅದಲುಬದಲಾಗಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ನಾನು ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ಗಡಿಗೆಗೆ ಹಾಕಿ, ಆಮೇಲೆ ಮನೆಗೆ ಅಳೆದುಕೊಂಡಿದ್ದೆ. ದೇವರಿಗೆ ಮೊದಲು, ನಮಗೆ ಆಮೇಲೆ ಎಂದು ನನ್ನ ಎಣಿಕೆ. ಅತ್ತೆ ನೋಡಿ ಏನೂ ಬೈಯಲಿಲ್ಲ. ಗಡಿಗೆಯಿಂದ ಆ ಹಿಡಿಯನ್ನು ತೆಗೆದು ಮತ್ತೆ ಚೀಲಕ್ಕೆ ಹಾಕಿದರು.

"ಚೀಲದಾಗಿಂದ ತಗದರ ಅದು ಚೀಲದ್ದಾತು. ನಮಗಂತ ಅಳದ ಮ್ಯಾಲೆ, ಆ ಮೊರದಾಗಿಂದ ತಗೀಬೇಕು. ಅದು ನಮ್ಮ ಹೊಟ್ಟಿದು" ಎಂದರು.

"ಹಂಗಾರ ನಮಗ ಒಂದು ಹಿಡಿ ಕಡಿಮಿ ಆಗತೈತಲ್ಲ ಅತ್ತಿ?"

"ಆಗಬೇಕಲ್ಲವ್ವ. ಕಡಿಮಿ ಆಗಲಿಲ್ಲಂದ್ರ ಕೊಟ್ಟದ್ದು ನಮಗ ಹೆಂಗ ಗೊತ್ತಾಗಬೇಕು?"

ಅತ್ತೆ ಹೆಚ್ಚು ಓದಿದವರಲ್ಲ. ವೇದಪುಸ್ತಕವನ್ನು ಅಕ್ಷರ ಕೂಡಿಸಿಕೊಂಡು ನಿಧಾನ ಓದುತ್ತಿದ್ದರು. ವಾರ್ಡಿನಲ್ಲಿ ಬೋಧನೆ ಮಾಡುತ್ತಿರಲಿಲ್ಲ. ಗಂಜಿ ಬಡಿಸುವುದು, ದಿಕ್ಕಿಲ್ಲದವರ ತಲೆ ಬಾಚುವುದು, ಮೈ ಒರೆಸುವುದು, ಬಟ್ಟೆ ಹಿಂಡಿ ಹಾಕುವುದು. ಪ್ರಾರ್ಥನೆ ಮಾಡು ಎಂದು ಯಾರಾದರೂ ಕೇಳಿದರೆ ಮಾಡುತ್ತಿದ್ದರು. ಆಲೂರು, ಆದೋನಿ ಕಡೆಯಿಂದ ಬಂದವರೊಡನೆ ತೆಲುಗಿನಲ್ಲೇ ಕಷ್ಟಸುಖ ಮಾತಾಡುತ್ತಿದ್ದರು.

ಒಂದು ವರ್ಷ ಕುರುಗೋಡು ಕಡೆಯ ಬಾದನಹಟ್ಟಿಯಿಂದ ಒಬ್ಬ ಹೆಣ್ಣುಮಗಳು ತನ್ನ ಮಗಳನ್ನು ವಾರ್ಡಿಗೆ ಸೇರಿಸಿದ್ದಳು. ಲಿಂಗ ಕಟ್ಟಿದ ಮನೆತನ. ನಮ್ಮ ಮನೆಯ ಗಂಜಿ ಮುಟ್ಟಲಾರಳು; ಹೋಟೆಲ್ಲಿಗೂ ಹೋಗಲಾರಳು. ಬರಿ ನೀರು ಕುಡಿದು ಮಗಳ ಮಂಚದ ಬಳಿ ಕುಳಿತಿದ್ದವಳನ್ನು ಅತ್ತೆ ಮನೆಗೆ ಕರೆತಂದರು.

"ನಾವು ಮಾಡಿದ್ದು ನೀ ಉಣ್ಣಬ್ಯಾಡ. ಅದು ನಿಮ್ಮ ಮನಿ ರೀತಿ. ಹಿತ್ತಲದಾಗ ಬೇವಿನ ಗಿಡ ಐತಿ, ಮೂರು ಕಲ್ಲು ಐತಿ, ಜೋಳ ಐತಿ. ನೀನ ಬೀಸಿಕೋ, ನೀನ ಮಾಡಿಕೋ" ಎಂದರು. ಕುಡಿಕೆಯನ್ನೂ ಹೊಸದನ್ನೇ ತರಿಸಿಕೊಟ್ಟರು.

ಅವಳು ಸಂಕೋಚದಿಂದ, "ನಿಮ್ಮದು ನಾ ಉಣ್ಣಂಗಿಲ್ಲ, ನಿಮಗ ಬ್ಯಾಸರ ಇಲ್ಲೇನಬೇ?" ಎಂದಳು.

"ನೀ ಮಾಡಿದ್ದು ನಾವು ಉಣ್ಣತೀವಿ. ರೊಟ್ಟಿ ಚೊಲೋ ಬಡಿತೀಯೋ ಇಲ್ಲೋ, ಅದು ಹೇಳು ಮದ್ಲು."

ಮಗಳು ಗುಣವಾಗಿ ಹೋಗುವ ತನಕ ಅವಳು ನಮ್ಮ ಹಿತ್ತಲಲ್ಲೇ ಅಡಿಗೆ ಮಾಡಿಕೊಂಡಳು. ಅವಳ ರೊಟ್ಟಿ ನಮಗೂ ಬರುತ್ತಿತ್ತು. ನಮ್ಮವಕ್ಕಿಂತ ತೆಳ್ಳಗಿರುತ್ತಿದ್ದವು.

ಆ ದಿನಕ್ಕೆ ಮರಳುತ್ತೇನೆ. ನಾನು ಬಸ್ಸು ಹತ್ತಿದೆ. ಅತ್ತೆ ನಾನು ಕಾಸಿಟ್ಟಿದ್ದ ಗಂಜಿಯ ತಪ್ಪೇಲಿ ಹೊತ್ತು ಆಸ್ಪತ್ರೆಗೆ ಹೋದರು. ಮರಳಿ ಬಂದು, ತಪ್ಪೇಲಿ ತೊಳೆದು ಹಿತ್ತಲಲ್ಲಿ ಬೋರಲು ಹಾಕಿ, ಗೋಡೆಗೆ ಒರಗಿ ಕುಳಿತರಂತೆ. ಕುಳಿತವರು ಏಳಲಿಲ್ಲ. ಸಂಜೆ ಮಿಲ್ಲಿನ ಒಬ್ಬರು ಸಿರುಗುಪ್ಪಕ್ಕೆ ಬಂದು ಸುದ್ದಿ ಹೇಳಿದರು. ಮರುದಿನ ಮೊದಲ ಬಸ್ಸಿಗೆ ಅಣ್ಣ ನನ್ನನ್ನು ಹತ್ತಿಸಿದ. ಅಕ್ಕಿಯ ಗಂಟನ್ನೂ ಹತ್ತಿಸಿದ. ಮನೆ ಮುಂದೆ ಜನ ಕೂಡಿದ್ದರು. ನಾನು ಸೊಂಟದ ಮೇಲೆ ಹೊಸ ಅಕ್ಕಿ ಇಟ್ಟುಕೊಂಡು ಒಳಗೆ ಹೋದೆ. ಅತ್ತೆಯನ್ನು ಬಿಳಿ ಸೀರೆಯಲ್ಲಿ ಮಲಗಿಸಿದ್ದರು. ಗಂಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೇ ನಿಂತಿದ್ದೆನೆಂದು ಆಮೇಲೆ ಯಾರೋ ಹೇಳಿದರು.

ಮಣ್ಣಾದ ಮೇಲೆ ಮೂರನೆಯ ದಿನದ ಪ್ರಾರ್ಥನೆ ಆಯಿತು, ಬಂದವರು ಹೋದರು. ನಾನು ಜೋಳ ಅಳೆದೆ. ಮೊರದಿಂದ ಹಿಡಿ ತೆಗೆದೆ. ಗಡಿಗೆಯ ಬಾಯಿ ಮೇಲೆ ಕೈ ಹಿಡಿದಾಗ, ಅತ್ತೆ ಏನು ಹೇಳುತ್ತಿದ್ದರೆಂದು ನನಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಇಷ್ಟು ವರ್ಷ ಎದುರಿಗೇ ನಿಂತು ನೋಡಿದ್ದೆ. ಕೇಳಬೇಕೆಂದು ಅನ್ನಿಸಿರಲಿಲ್ಲ, ಅತ್ತೆ ನಾಳೆಯೂ ಇರುವವರಲ್ಲವೇ. ಅಂದು ಜೋಳ ಸುಮ್ಮನೆ ಗಡಿಗೆಗೆ ಬಿತ್ತು. ಆ ಸದ್ದು ಬರಿದಾಗಿ ಕೇಳಿಸಿತು.

ಯಜಮಾನರನ್ನು ಕೇಳಿದೆ.

"ಅವ್ವ ಏನೋ ಅಂತಿದ್ಲು. ನಾ ಹುಟ್ಟಿದಾಗಿಂದ ಅಂತಿದ್ಲು. ನಾ ಕೇಳಿಲ್ಲ" ಎಂದರು. "ನೀ ಯಾಕ ಕೇಳಿದಿ? ಇನ್ನ ನನಗೂ ಅದ ಚಿಂತಿ" ಎಂದು ಎದ್ದು ಹೊರಗೆ ಹೋದರು.

ಅಯ್ಯನವರನ್ನು ಕೇಳಿದೆ. "ಸ್ತೋತ್ರ ಅಂದಿರಬೇಕಮ್ಮ. ನೀನೂ ಸ್ತೋತ್ರ ಅನ್ನು" ಎಂದರು. ಸ್ತೋತ್ರ ಎಂದು ಹೇಳಿ ನೋಡಿದೆ. ಅತ್ತೆಯ ತುಟಿ ಅಲುಗುತ್ತಿದ್ದ ರೀತಿ ಅದಲ್ಲ. ಅವರದು ಅಷ್ಟು ಗಿಡ್ಡ ಮಾತಲ್ಲ. ಅದೂ ದಿನದಿನಕ್ಕೆ ಬೇರೆಬೇರೆ ಇದ್ದ ಹಾಗೆ ನನಗೆ ನೆನಪು.

ಗಂಜಿ ನಿಲ್ಲಲಿಲ್ಲ. ಸಭೆಯ ಬೇರೆ ಹೆಂಗಸೊಬ್ಬರು ಬಂದು ಒಯ್ಯುತ್ತಿದ್ದರು. ನಾನು ಮುಂಚಿನ ಹಾಗೇ ಕಾಸಿ ಕೊಡುತ್ತಿದ್ದೆ. ತವರಿನ ಅಕ್ಕಿಯೂ ಜ್ವರದವರಿಗೇ ಹೋಯಿತು. ಆದರೆ ದಿನಾ ಬೆಳಿಗ್ಗೆ ಗಡಿಗೆಯ ಮುಂದೆ ಆ ಒಂದು ಗಳಿಗೆ ಬಂದೇ ಬರುತ್ತಿತ್ತು. ಆ ಮಾತು ಸಿಕ್ಕರೆ ಅತ್ತೆಯಲ್ಲಿ ಇಷ್ಟಾದರೂ ನನ್ನ ಹತ್ತಿರ ಉಳಿಯುತ್ತದೆ ಎಂದು ನನ್ನ ಆಸೆ.

ಬೇಸಿಗೆಯಲ್ಲಿ ಬಾದನಹಟ್ಟಿಯ ಹೆಣ್ಣುಮಗಳು ಬಂದಳು. ಸುದ್ದಿ ತಡವಾಗಿ ತಿಳಿದಿತ್ತಂತೆ. ಒಂದು ಚೀಲ ಹೊಸ ಜೋಳ ತಂದಿದ್ದಳು. ಒಳಗೆ ಬಾ ಎಂದರೂ ನೇರ ಹಿತ್ತಲಿಗೆ ಹೋಗಿ ಬೇವಿನ ಕೆಳಗಿನ ಮೂರು ಕಲ್ಲನ್ನು ನೋಡುತ್ತಾ ನಿಂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಕಲ್ಲು ಹಂಗ ಇಟ್ಟೀರಿ" ಎಂದಳು.

"ಯಾರರ ಬಂದ್ರ ಬೇಕಾಗತಾವು ಅಂತಿದ್ರು ಅತ್ತಿ."

ಬೇವಿನ ನೆರಳಲ್ಲಿ ಕುಳಿತೆವು. ಅವಳಿಗೆ ಗೊತ್ತಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ದುಃಖ ಹೇಳಿಕೊಳ್ಳುವಾಗ ಆ ಮಾತೂ ಬಂತು.

"ಅಯ್ಯ, ಅದನ್ನ ನಾ ಕೇಳಿದ್ದೆನಲ್ಲಬೇ" ಎಂದಳು. "ಜೋಳಕ್ಕ ಏನು ಮಂತ್ರ ಹಾಕತೀಯವ್ವ ಅಂದೆ. ನಕ್ಕಳು. ಮಂತ್ರ ಅಲ್ಲ, ಈ ಹಿಡಿ ಯಾರಿಗೆ ಹೋಗಬೇಕೋ ಅವರ ಹೆಸರು ಹೇಳಿ ಸ್ವಾಮಿ ಕೈಯಾಗ ಕೊಡತೀನಿ, ಅವರಿಗೆ ಏನು ಬ್ಯಾನಿ ಅಂತನೂ ಹೇಳತೀನಿ ಅಂದ್ಲು. ಇವತ್ತು ನಿನ್ನ ಮಗಳ ಹೆಸರು ಹೇಳೀನಿ ಅಂದ್ಲು." "ನಾವು ಆಕಿ ಕೈಯಾಗಿನ ಗಂಜಿ ಕುಡೀಲಿಲ್ಲ. ಆದರೂ ಹೆಸರು ಹೇಳಿದ್ಲು" ಎಂದಳು.

ಮರುದಿನ ಬೆಳಿಗ್ಗೆ ಹಿಡಿ ಎತ್ತಿದೆ. ಈಗ ಏನು ಹೇಳಬೇಕೆಂದು ಗೊತ್ತಿತ್ತು, ಆದರೆ ಹೇಳಲು ಒಂದು ಹೆಸರೂ ಇರಲಿಲ್ಲ. ಅಷ್ಟು ವರ್ಷ ಗಂಜಿ ಕಾಸಿದ್ದೆ. ವಾರ್ಡಿನಲ್ಲಿ ಇದ್ದುಹೋದವರಲ್ಲಿ ಬಾದನಹಟ್ಟಿಯವರನ್ನು ಬಿಟ್ಟರೆ ಯಾರ ಮುಖವೂ ನನಗೆ ಗೊತ್ತಿರಲಿಲ್ಲ. ಅವರೂ ಗಂಜಿ ಕುಡಿದವರಲ್ಲ.

ಅಂದು ತಪ್ಪೇಲಿಯನ್ನು ನಾನೇ ಹೊತ್ತೆ. ವಾರ್ಡಿನ ಬಾಗಿಲಲ್ಲಿ ಔಷಧಿಯ ವಾಸನೆಗೆ ಕಾಲು ಹಿಂದಾಯಿತು. ಒಳಗೆ ಮೂಲೆ ಮಂಚದಿಂದ ಒಬ್ಬ ಮುದುಕಿ ತಪ್ಪೇಲಿ ನೋಡಿ, "ಅವ್ವ ರಾಲೇದಾ?" ಎಂದಳು. ಅವ್ವ ಬರಲಿಲ್ಲವೇ ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. ಹೋದ ಚಳಿಗಾಲದಲ್ಲೂ ಕೆಲವು ದಿನ ಅಲ್ಲಿದ್ದು ಹೋಗಿದ್ದವಳಂತೆ. ಇನ್ನು ಬರುವುದಿಲ್ಲ ಎಂದೆ. ಮುದುಕಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅವಳ ಹೆಸರು ಕೇಳಿಕೊಂಡೆ. ಪಕ್ಕದ ಮಂಚದಲ್ಲಿ ಕೊಳಗಲ್ಲಿನ ಬಾಣಂತಿ ಇದ್ದಳು. ಅವಳ ಹೆಸರೂ ಕೇಳಿಕೊಂಡೆ, ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಹೊರಡುವಾಗ ವಾರ್ಡಿನ ಆಯಾಳನ್ನು ಕೇಳಿದೆ. ಅತ್ತೆ ಕೊನೆಗೆ ಬಂದಾಗ ಯಾರ ಮಂಚದ ಹತ್ತಿರ ಹೆಚ್ಚು ಹೊತ್ತು ಕುಳಿತಿದ್ದರು ಎಂದು.

"ಎಲ್ಲಾರ ಹತ್ತರಾನೂ ಕುಂತಿದ್ಲು ಬೇ. ಆವತ್ತು ಇದ್ದವರು ಈಗ ಎಲ್ಲಿ? ಗುಣ ಆದವರು ಹೋದ್ರು, ಆಗಲಾರದವರೂ ಹೋದ್ರು. ಯಾರು ಅಂತ ಹೇಳಲಿ?" ಎಂದಳು. ನೆಲ ಒರೆಸುವ ಬಟ್ಟೆ ಹಿಂಡುತ್ತಾ, "ಯಾಕ, ಏನರ ಕೊಡೋದಿತ್ತೇನು?" ಎಂದಳು. ಇಲ್ಲ ಎಂದೆ.

ಅಂದಿನಿಂದ ಒಯ್ಯುವುದೂ ನನ್ನ ಪಾಲಾಯಿತು. ಬೆಳಿಗ್ಗೆ ಅಳೆದಾದ ಮೇಲೆ ಮೊರದಿಂದ ಹಿಡಿ ತೆಗೆದು, ಗಡಿಗೆಯ ಮೇಲೆ ಹಿಡಿದು, ಒಂದು ಹೆಸರು ಹೇಳುತ್ತೇನೆ. ಬೇನೆಯನ್ನೂ ಹೇಳುತ್ತೇನೆ. ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಎಷ್ಟೋ ಸಲ ಅತ್ತೆಯ ಹೆಸರನ್ನು ಹೇಳಬೇಕೆನ್ನಿಸುತ್ತದೆ. ಹೇಳುವುದಿಲ್ಲ. ಹಿಡಿ ಹಸಿದವರದು.

ನಾನು ಸಿರುಗುಪ್ಪಕ್ಕೆ ಹೊರಟ ಆ ಬೆಳಿಗ್ಗೆ, ಬಾಗಿಲಲ್ಲಿ ನಾನು ನೋಡುತ್ತಾ ನಿಂತಿದ್ದಾಗ, ಅತ್ತೆ ಯಾರ ಹೆಸರು ಹೇಳಿದರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.