ಜಮಖಾನದ ಕೆಳಗಿನ ನೀರು

ಗಂಜಿ ಹಾಕಿದ ನೂಲು ನೆನೆದು ನಾಲ್ಕು ದಿನ ಹಾಗೇ ಬಿದ್ದರೆ ಒಂದು ಹುಳಿ ವಾಸನೆ ಬರುತ್ತದೆ. ಕೆಟ್ಟುಹೋದ ಅಂಬಲಿಯ ವಾಸನೆಗೆ ಹತ್ತಿರ, ಆದರೆ ಇದು ಮೂಗು ಬಿಟ್ಟು ಹೋಗುವುದಿಲ್ಲ. ಈ ಸಲ ಮಲಪ್ರಭೆಯ ನೆರೆ ಇಳಿದ ಮೇಲೆ ಹೊಳೆದಂಡೆಯ ಒಂದು ಊರಿಗೆ ಸಮೀಕ್ಷೆಗೆಂದು ಹೋಗಿದ್ದೆ. ನಾನು ಶಾಲೆಯ ಶಿಕ್ಷಕಿ. ದನ ಎಣಿಸುವುದಿರಲಿ, ಮನೆ ಎಣಿಸುವುದಿರಲಿ, ಸರ್ಕಾರಕ್ಕೆ ಮೊದಲು ನೆನಪಾಗುವವರು ನಾವೇ. ಒಂದು ಮನೆಯಲ್ಲಿ ಮುದುಕಿ ಲಗುಬಗೆಯಿಂದ ಜಮಖಾನ ಹಾಸಿ, "ಕುಂಡರ್ರಿ, ನಮ್ಮನ್ಯಾಗ ಏನೂ ಆಗಿಲ್ರಿ" ಎಂದಳು. ಕೂಡಲು ಬಗ್ಗಿದೆ. ಆ ಹುಳಿ ವಾಸನೆ ಕೆಳಗಿನಿಂದ ಬಂತು. ಬಗ್ಗಿದವಳು ಹಾಗೇ ನಿಂತುಬಿಟ್ಟೆ.

ನೆನಪಾದವರು ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ.

ಅವರು ರೋಣದ ಕಾಲೇಜಿನಲ್ಲಿ ನಮಗೆ ಪಾಠ ಮಾಡುತ್ತಿದ್ದರು. ದಿನಾ ನರಗುಂದದಿಂದ ಬಸ್ಸಿಗೆ ಬರುವವರು. ಸೀರೆಯ ನೆರಿಗೆ ಬಸ್ಸಿನಲ್ಲೇ ಅರ್ಧ ಬಿಚ್ಚಿರುತ್ತಿತ್ತು, ಅದರ ಪರಿವೆ ಅವರಿಗಿರಲಿಲ್ಲ. ದತ್ತಾಂಶದ ವಿಧಗಳು ಅವರಿಗೆ ಬಲು ಇಷ್ಟದ ಪಾಠ. "ಅಂಕಿ ಕಂಡಕೂಡಲೇ ಕೂಡಸಾಕ ಓಡಬ್ಯಾಡ್ರಿ. ಮೊದಲ ಅದರ ಜಾತಿ ಕೇಳ್ರಿ. ಜಾತಿ ಕೇಳೂದನ್ನ ನಮ್ಮ ಮಂದಿಗೆ ನಾ ಏನ್ ಕಲಸ್ಲಿ" ಎಂದು ನಗುತ್ತಿದ್ದರು.

ಬೆಳವಣಕಿ, ಅಬ್ಬಿಗೇರಿ, ಹೊಳೆಮಣ್ಣೂರ ಇವು ಬರೀ ಊರಿನ ಹೆಸರು. ಇದರಲ್ಲಿ ಮೇಲಿಲ್ಲ, ಕೆಳಗಿಲ್ಲ. ಅಬ್ಬಿಗೇರಿಯ ಹುಡುಗರು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಮೆಣಸಿನಕಾಯಿ ಸಪ್ಪೆ, ಖಾರ, ಭಾಳ ಖಾರ ಎಂದು ಸಾಲು ಹಚ್ಚಬಹುದು, ಆದರೆ ಒಂದಕ್ಕಿಂತ ಇನ್ನೊಂದು ಎಷ್ಟು ಖಾರ ಎಂದು ಕಳೆಯಲು ಬರುವುದಿಲ್ಲ. ಬಿಸಿಲಿನ ಡಿಗ್ರಿಯನ್ನು ಕಳೆಯಬಹುದು. ಆದರೆ ನಲವತ್ತು ಎಂದರೆ ಇಪ್ಪತ್ತರ ಎರಡು ಪಟ್ಟು ಸೆಕೆಯಲ್ಲ. ಅಲ್ಲಿಯ ಸೊನ್ನೆ ಯಾರೋ ತಮಗೆ ಬೇಕಾದ ಕಡೆ ಇಟ್ಟುಕೊಂಡ ಸೊನ್ನೆ. ಉಳ್ಳಾಗಡ್ಡಿಯ ತೂಕ ಮಾತ್ರ ಹಾಗಲ್ಲ. ಸೊನ್ನೆ ಎಂದರೆ ಚೀಲ ಖಾಲಿ. ಅಲ್ಲಿ ಎರಡು ಪಟ್ಟು, ಮೂರು ಪಟ್ಟು ಎನ್ನಬಹುದು. ಪುಸ್ತಕದಲ್ಲಿ ಇವಕ್ಕೆ ನಾಮ, ಕ್ರಮ, ಅಂತರ, ಅನುಪಾತ ಎಂಬ ದೊಡ್ಡ ಹೆಸರುಗಳಿದ್ದವು. ನಮಗೆ ಉಳಿದದ್ದು ಮೆಣಸಿನಕಾಯಿ ಮತ್ತು ಉಳ್ಳಾಗಡ್ಡಿ.

ಆ ವರ್ಷ ಹೊಳೆ ಬಂತು. ನಮ್ಮೂರು ಹೊಳೆಮಣ್ಣೂರ. ನಾನು ರೋಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದೆ, ಹಾಗಾಗಿ ನೀರು ಏರಿದ್ದನ್ನು ಕಣ್ಣಾರೆ ಕಾಣಲಿಲ್ಲ. ಅಪ್ಪ, ನಾವು ಕರೆಯುವಂತೆ ಅಬ್ಬಾ, ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲು ಕೆಳಗಿಳಿಬಿಟ್ಟು ತುಳಿಯುವ ಮಗ್ಗ ಅದು. ನೇಯ್ದದ್ದನ್ನು ಗಜೇಂದ್ರಗಡಕ್ಕೆ ಒಯ್ದು ಕೊಟ್ಟು ನೂಲು ತರುತ್ತಿದ್ದರು. ನಮ್ಮ ಮನೆಯ ಕಟ್ಟೆ ಎತ್ತರದ್ದು. ಓಣಿಯ ನೀರು ಹೊಸ್ತಿಲ ಹತ್ತಿರ ಬಂದು ತಿರುಗಿ ಹೋಯಿತು. ಆದರೆ ಕುಣಿಯಲ್ಲಿ ನೆಲದೊಳಗಿನಿಂದಲೇ ನೀರು ಒಸರಿ ತುಂಬಿಕೊಂಡಿತು. ಎರೆಮಣ್ಣಿನ ಗೋಡೆ ಕುಸಿದು ಮಗ್ಗ ಒಳಗೆ ವಾಲಿತು, ಮಗ್ಗಕ್ಕೆ ಕಟ್ಟಿದ್ದ ಹಾಸಿನ ನೂಲೆಲ್ಲ ಕೊಳೆಯಿತು.

ಮನೆ ಮನೆ ನೋಡಿ ಬರೆದುಕೊಳ್ಳಲು ಬಂದವರಲ್ಲಿ ನಮ್ಮ ಮೇಡಂ ಕೂಡ ಇದ್ದರು. ಅದು ನನ್ನ ಮನೆಯೆಂದು ಅವರಿಗೆ ಗೊತ್ತಿರಲಿಲ್ಲ. ಇದನ್ನೆಲ್ಲ ನಾನು ಆಮೇಲೆ ಅಮ್ಮನ ಬಾಯಿಂದ ಕೇಳಿದ್ದು. ನೇಕಾರರ ಮನೆಗೆ ಯಾರಾದರೂ ಬಂದರೆ ಕುಣಿಯ ಮೇಲೆ ಹಲಗೆ ಮುಚ್ಚಿ, ಮೇಲೆ ಜಮಖಾನ ಹಾಸಿ, ಅಲ್ಲೇ ಕೂಡಿಸುವುದು ನಮ್ಮಲ್ಲಿಯ ರೀತಿ. ಇರುವ ಒಂದೇ ಪಡಸಾಲೆಯಲ್ಲಿ ಒಳ್ಳೆಯ ಜಾಗ ಅದೇ. ಅಬ್ಬಾ ಮುರಿದ ಮಗ್ಗವನ್ನು ಹಿತ್ತಲಿಗೆ ಹಾಕಿ, ಹಲಗೆ ಮುಚ್ಚಿ, ಜಮಖಾನ ಹಾಸಿದರು. ಮೇಡಂ ಅದರ ಮೇಲೆ ಕುಳಿತು ಅಮ್ಮ ಕೊಟ್ಟ ಚಹಾ ಕುಡಿದರು. "ನೀರು ಹೊಸ್ತಿಲಾ ದಾಟಿತೇನ್ರಿ?" ಎಂದು ಕೇಳಿದರು. ಅಬ್ಬಾ ಕೇಳಿದಷ್ಟಕ್ಕೇ ಉತ್ತರ ಕೊಡುವ ಮನುಷ್ಯ. "ಇಲ್ರಿ ಅಕ್ಕೋರ, ದಾಟಿಲ್ಲ" ಎಂದರು. ಮೇಡಂ ಸೊನ್ನೆ ಬರೆದು ಎದ್ದರು.

ಕಾಲೇಜು ಮತ್ತೆ ಶುರುವಾದಾಗ ನನ್ನ ಪುಸ್ತಕಗಳು ಊರಿಗೆಲ್ಲ ಹಂಚಿದ ನೆರೆ ಪರಿಹಾರದ ಚೀಲವೊಂದರಲ್ಲಿದ್ದವು. ಅಕ್ಷರ ಇರುವ ಬದಿಯನ್ನು ಯಾವಾಗಲೂ ಮೈಕಡೆಗೆ ತಿರುಗಿಸಿಕೊಂಡು ಹಿಡಿಯುತ್ತಿದ್ದೆ. ಮೇಡಂ ಅಂದು ಹುರುಪಿನಲ್ಲಿದ್ದರು. ಪುಸ್ತಕದ ಉದಾಹರಣೆ ಬ್ಯಾಡ, ಖರೇ ಅಂಕಿ ತಂದೀನಿ ಎಂದು ಹೊಳೆಮಣ್ಣೂರಿನ ಮನೆಗಳಲ್ಲಿ ಹೊಸ್ತಿಲಿನಿಂದ ನೀರು ಏರಿದ ಅಳತೆಗಳನ್ನು ಬೋರ್ಡಿನ ಮೇಲೆ ಬರೆದರು. ಒಂದು ಮನೆಗೆ ಎರಡು ಫೂಟು, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಸೊನ್ನೆ.

"ಇದರ ಜಾತಿ ಯಾವುದು?"

"ಅನುಪಾತರಿ!" ಎಂದು ಎಲ್ಲರೂ ಕೂಗಿದರು. "ಸೊನ್ನಿ ಅಂದ್ರ ನೀರಿಲ್ಲ ಅಂತರಿ."

"ಬರೋಬ್ಬರಿ. ಈ ಸೊನ್ನಿ ಒಂದು ನೇಕಾರರ ಮನಿದು. ಸುತ್ತಲ ಮನಿ ಎಲ್ಲಾ ಬಿದ್ದಾವು, ಅವರದೊಂದು ಉಳದೈತಿ. ಪುಣ್ಯಾ ಮಾಡ್ಯಾರ. ನಾ ಅಲ್ಲೇ ಕುಂತು ಚಾ ಕುಡದ ಬಂದೆ."

ನಮ್ಮೂರಲ್ಲಿ ನೇಕಾರರ ಮನೆ ಇದ್ದದ್ದೇ ಒಂದು. ಊರಿನ ಹುಡುಗಿಯರು ಹಿಂತಿರುಗಿ ನನ್ನನ್ನು ನೋಡಿದರು. ಪಕ್ಕದಲ್ಲಿ ಕುಳಿತವಳು ನನ್ನ ಚೀಲವನ್ನು ಬೆರಳಿಂದ ತಿರುಗಿಸಿ, "ಏನೂ ಆಗಿಲ್ಲಂದ್ರ ಈ ಚೀಲ ಯಾಕ ತಗೊಂಡೀರಿಲೇ?" ಎಂದಳು. ಮೆಲ್ಲಗೇ ಅಂದಳು, ಆದರೆ ಕೇಳಿಸಬೇಕಾದವರಿಗೆಲ್ಲ ಕೇಳಿಸಿತು. ಯಾರೋ ನಕ್ಕರು. ನೆಲ ಬಾಯಿ ಬಿಟ್ಟು ನುಂಗಬಾರದೆ ಅನ್ನಿಸಿತು.

ಹೇಗೆ ಎದ್ದು ನಿಂತೆನೋ ಗೊತ್ತಿಲ್ಲ. "ಮೇಡಂ, ಆ ಸೊನ್ನಿ ಒಳಗ ನೀರ ಇತ್ತರಿ" ಎಂದೆ.

"ಎಲ್ಲಿ ನೀರು? ನಾ ಕಣ್ಣಾರೆ ನೋಡೀನವಾ."

"ಮಗ್ಗದ ಕುಣ್ಯಾಗರಿ. ನೀವು ಕುಂತಿದ್ದು ಅದರ ಮ್ಯಾಲನ..."

ನಗು ನಿಂತಿತು. ಮೇಡಂ ಬೋರ್ಡಿಗೆ ತಿರುಗಿ ಅನುಪಾತ ಎಂದು ಬರೆದದ್ದನ್ನು ಅಂಗೈಯಿಂದಲೇ ಒರೆಸಿದರು. "ಹೊಸ್ತಿಲಿನ ಹತ್ರ ಸೊನ್ನಿ ಇಟ್ಟಾಕಿ ನಾನು. ಹೊಳಿ ಇಟ್ಟಿದ್ದಲ್ಲ. ಬಿಸಿಲಿನ ಡಿಗ್ರಿ ಇದ್ದಂಗ ಇದು, ಪಟ್ಟು ಹೇಳಾಕ ಬರೂದಿಲ್ಲ" ಎಂದರು. ಆಮೇಲೆ ಪಾಠ ಮುಂದುವರಿಯಲಿಲ್ಲ. ನಾನು ಕುಳಿತೆ. ಚೀಲದ ನಾಚಿಕೆ ಹೋಯಿತು ಅಂದುಕೊಂಡಿರಾ? ಅದರ ಮೇಲೆ ಇನ್ನೊಂದು ಬಂದು ಕುಳಿತಿತ್ತು. ಅಬ್ಬಾ ಹಲಗೆ ಹಾಕಿ, ಜಮಖಾನ ಹಾಸಿ ಮುಚ್ಚಿದ್ದನ್ನು ನಾನು ನಾಲ್ಕು ಜನರ ಮುಂದೆ ತೆರೆದು ತೋರಿಸಿದ್ದೆ.

ರವಿವಾರ ಮೇಡಂ ನನ್ನನ್ನು ಕರೆದುಕೊಂಡು ಹೊಳೆಮಣ್ಣೂರಿಗೆ ಬಂದರು. ಅಬ್ಬಾ ಅವರನ್ನು ಕಂಡವರೇ ಮತ್ತೆ ಜಮಖಾನ ಬಿಡಿಸಿದರು.

"ಹಾಸಬ್ಯಾಡ್ರಿ. ಹಲಗಿ ತೆಗೀರಿ" ಎಂದರು ಮೇಡಂ.

ಅಬ್ಬಾ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ಚೆನ್ನಾಗಿತ್ತು, ಸಿಟ್ಟಿರಲಿಲ್ಲ. ಅಮ್ಮನೇ ಮುಂದೆ ಬಂದು ಹಲಗೆ ಸರಿಸಿದಳು. ನೀರು ಇಂಗಿತ್ತು, ಕೆಸರು, ಕುಸಿದ ಮಣ್ಣು, ಆ ಹುಳಿ ವಾಸನೆ. ಮೇಡಂ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಟೇಪು ಇಳಿಬಿಟ್ಟರು.

"ಅವತ್ತ ಯಾಕ ಹೇಳಲಿಲ್ರಿ?"

"ಮನಿಗೆ ಬಂದವರಿಗೆ ಕುಂಡ್ರಾಕ ಜಾಗಾ ಕೊಡಬೇಕಲ್ರಿ ಅಕ್ಕೋರ. ಬಿದ್ದ ಕುಣಿ ತೋರಸೂದು ಹ್ಯಾಂಗ... ನಾಚಿಗಿ ಆತ್ರಿ."

"ನಾಚಿಗಿ ನಂಗ ಆಗಬೇಕ್ರಿ. ನೀರು ಎಲ್ಲೀತನಾ ಏರಿತು ಅಂತ ಕೇಳಿದೆ. ಏನು ಹೋತು ಅಂತ ಕೇಳಲಿಲ್ಲ."

ಆ ಸೊನ್ನೆ ತಿದ್ದಿಸಲು ಮೇಡಂ ತಾಲೂಕು ಕಚೇರಿಗೆ ಅಲೆದರು. ಕಾಲೇಜು ಬಿಟ್ಟ ಮೇಲೆ, ನರಗುಂದದ ಬಸ್ಸು ತಪ್ಪಿಸಿಕೊಂಡು ಅಲೆದರು. ಪಟ್ಟಿ ಮೇಲಕ್ಕೆ ಹೋಗಿಯಾಗಿದೆ ಎಂಬುದೊಂದೇ ಉತ್ತರ. ಕೊನೆಗೆ ಅಬ್ಬಾನೇ "ಸಾಕ್ರಿ ಅಕ್ಕೋರ, ನಿಮಗ ತ್ರಾಸ" ಎಂದು ಕೈಮುಗಿದರು. ಬೇಸಿಗೆಗೆ ಮುಂಚೆ ಕುಣಿಗೆ ಮಣ್ಣು ತುಂಬಿ, ನೆಲ ಸಾರಿಸಿ, ಗಜೇಂದ್ರಗಡದಲ್ಲಿ ಬೇರೆಯವರ ಪವರ್‌ಲೂಮಿಗೆ ಕೆಲಸಕ್ಕೆ ಹೋದರು. ತಮ್ಮದೆನ್ನುವ ಮಗ್ಗವನ್ನು ಮತ್ತೆ ಹೂಡಲಿಲ್ಲ.

ಅಲ್ಲಿಂದ ಮುಂದೆ ಕಾಲೇಜಿನ ವರಾಂಡದಲ್ಲಿ ಎದುರಾದರೆ ಮೇಡಂ ತಲೆ ತಗ್ಗಿಸುತ್ತಿದ್ದರು, ನಾನೂ ತಗ್ಗಿಸುತ್ತಿದ್ದೆ. ತಪ್ಪು ಮಾಡಿದವರು ಯಾರು, ಅನುಭವಿಸಿದವರು ಯಾರು ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಆದರೂ ಪ್ರತಿ ವರ್ಷ ಹೊಸ ಹುಡುಗರಿಗೆ ಆ ಪಾಠ ಬಂದಾಗ, ಉಳ್ಳಾಗಡ್ಡಿಯ ನಂತರ ಸಮೀಕ್ಷೆಗೆ ಹೋದ ಒಬ್ಬ ದಡ್ಡ ಅಕ್ಕೋರ ಕಥೆ ಹೇಳುತ್ತಿದ್ದರಂತೆ. ಮನೆ ಯಾರದೆಂದು ಮಾತ್ರ ಹೇಳುತ್ತಿರಲಿಲ್ಲವಂತೆ.

ನನಗೆ ನೌಕರಿ ಸಿಕ್ಕ ಮೇಲೆ ಒಮ್ಮೆ ನರಗುಂದಕ್ಕೆ ಹೋಗಿ ನೋಡಿದ್ದೆ. ಹಾಸಿಗೆ ಹಿಡಿದಿದ್ದರು. "ನಿಮ್ಮಪ್ಪಗ ಹೇಳು..." ಎಂದರು. "ಏನ್ರಿ ಮೇಡಂ?" ಎಂದೆ. "ಏನಿಲ್ಲ ಬಿಡವಾ" ಎಂದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅಬ್ಬಾಗೆ ತಿಳಿಸಿದಾಗ, "ಭಾಳ ಮರ್ಯಾದಸ್ತ ಹೆಣಮಗಳು" ಎಂದರು.

ಮುದುಕಿ ಇನ್ನೂ "ಕುಂಡರ್ರಿ" ಎನ್ನುತ್ತಿದ್ದಳು. ಹಲಗೆ ತೆಗೆಯಿರಿ ಎಂದೆ. ಬೇಡವೆಂದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ತೆಗೆದಳು. ಕುಣಿಯಲ್ಲಿ ಕಪ್ಪು ನೀರು. ನಾನು ಅದರ ಅಂಚಿನಲ್ಲಿ, ಅಬ್ಬಾ ಕೂಡುತ್ತಿದ್ದ ಹಾಗೆ, ಕಾಲು ಇಳಿಬಿಟ್ಟು ಕುಳಿತೆ. ನೀರು ಮೊಣಕಾಲಿಗೆ ಬಂತು. ಕೈಯಲ್ಲಿದ್ದ ಫಾರಂ ಮಾತ್ರ ಇಷ್ಟು ವರ್ಷವಾದರೂ ಕೇಳುವುದು ಅದನ್ನೇ: ಹೊಸ್ತಿಲಿನಿಂದ ನೀರು ಎಷ್ಟು ಎತ್ತರ? ಖರೇ ಉತ್ತರ ಸೊನ್ನೆ. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕುಣಿಯ ವಿಷಯ ಬರೆದೆ. ಅಂಚಿನಲ್ಲಿ ಬರೆದದ್ದನ್ನು ಕೂಡುವವರು ಯಾರೂ ಇಲ್ಲವೆಂದು ನನಗೆ ಗೊತ್ತು. ಚೌಕದಲ್ಲಿ ಸೊನ್ನೆಯನ್ನೇ ಬರೆದೆ.

ಮುದುಕಿ ಒಳಗಿನಿಂದ ಒಣ ಬಟ್ಟೆ ತಂದು ಚಾಚಿದಳು. "ಮೇಡಂ, ಕಾಲು ಒರಸಿಗೋರಿ" ಎಂದಳು.

ಮೇಡಂ ಎಂದು ಯಾರಾದರೂ ಕರೆದರೆ ನನಗೆ ಈಗಲೂ ಹಿಂದೆ ತಿರುಗಿ ನೋಡುವ ಚಟ. ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.