ಉದ್ಯಾನವನದ ನಿವಾಸಿಗಳು

ನಾನು ಉದ್ಯಾನವನದಲ್ಲಿ ವಾಸಿಸುತ್ತಿದ್ದೇನೆಂಬುದು ಈಚಿನವರೆಗೂ ನನಗೇ ಗೊತ್ತಿರಲಿಲ್ಲ. ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕಾರ್ಮಿಕರ ಹಳೆಯ ಲೈನ್‌ಮನೆಯಲ್ಲಿದ್ದೇನೆ ಎಂದೇ ತಿಳಿದು ಜೋಲುಮುಖ ಹೊತ್ತು ತಿರುಗುತ್ತಿದ್ದೆ. ಊರಿನ ಹೊಸ ನಕ್ಷೆಯಲ್ಲಿ ನಮ್ಮ ಸಾಲು ಪೂರ್ತಿ ಹಸಿರು, ಅಂದರೆ ಪಾರ್ಕು. ಎದುರಿಗಿರುವ ಸೈನೈಡ್ ದಿಬ್ಬ, ಚಿನ್ನ ತೆಗೆದುಕೊಂಡವರು ನಮಗಾಗಿ ಬಿಟ್ಟುಹೋದ ಬೂದುಮಣ್ಣಿನ ರಾಶಿ, ನಕ್ಷೆಯಲ್ಲಿ ಹಳದಿ. ಹಳದಿಯೆಂದರೆ ವಸತಿಗೆ ಯೋಗ್ಯ. ಬಂಗಾರಪೇಟೆಯ ನಮ್ಮ ಭಾವನವರಿಗೆ ಫೋನಿನಲ್ಲಿ ಹೇಳಿದೆ. "ಉಯ್ಯಾಲೆ ಆಕವ್ರಾ?" ಎಂದು ಕೇಳಿದರು.

ಈ ಯೋಗ ಕೂಡಿಬಂದದ್ದು ಒದ್ದೆ ಸೀರೆಗಳಿಂದ. ಆಷಾಢದ ಗಾಳಿಗೆ ದಿಬ್ಬದ ಪುಡಿ ಎದ್ದು ಅನ್ನದ ತಟ್ಟೆಗೇ ಬಂದು ಕೂರುತ್ತದೆ. ಅದಕ್ಕೇ ನಮ್ಮ ಹೆಂಗಸರು ಹಳೆ ಸೀರೆ ನೆನೆಸಿ ಕಿಟಕಿ, ಬಾಗಿಲಿಗೆಲ್ಲ ಇಳಿಬಿಡುತ್ತಾರೆ. ಸರ್ವೆಯವರು ಬಂದದ್ದೂ ಆಷಾಢದಲ್ಲೇ. ತೊಟ್ಟಿಕ್ಕುವ ಕಿಟಕಿ, ಒದ್ದೆ ನೆಲ ಕಂಡು, ಇದು ನೀರು ನಿಲ್ಲುವ ತಗ್ಗು, ಮನೆಗಿಂತ ಮರಕ್ಕೆ ಲಾಯಕ್ಕು ಎಂದು ತೀರ್ಮಾನಿಸಿದರು. ದಿಬ್ಬ ಮಾತ್ರ ಒಣಗಿ ಗರಿಗರಿಯಾಗಿತ್ತು. ಹಿಂದೆ ಊರು ಕಟ್ಟುವವರು ಗಾಳಿ, ನೀರು ನೋಡುತ್ತಿದ್ದರಂತೆ. ಈಗ ಬಣ್ಣದ ಪೆನ್ಸಿಲ್ ಇದ್ದರೆ ಸಾಕು. ನಲ್ಲಿಯಲ್ಲಿ ನೀರು ಬಂದರೆ ಹಬ್ಬ ಮಾಡುವ ನಾವು ಹೀಗೆ ಪ್ರವಾಹಪೀಡಿತರಾಗಿ ಬಡ್ತಿ ಪಡೆದೆವು.

ನನಗೆ ನಗು ಬಂತು, ಪಕ್ಕದ ಮನೆಯ ಸೆಲ್ವಕ್ಕನಿಗೆ ಬರಲಿಲ್ಲ. ಈಗೀಗ ಮಳೆಯೂ ತಿಂಗಳ ಪಾಲನ್ನು ಒಂದೇ ಮಧ್ಯಾಹ್ನ ಸುರಿದು ಕೈತೊಳೆದುಕೊಳ್ಳುತ್ತದೆ. ಹಾಗೆ ಸುರಿದಾಗ ಆಕೆಯ ಹಿತ್ತಿಲ ಕಡೆಯ ಗೋಡೆ ಬಿತ್ತು. ಮುಂದಿನ ಮಳೆ ಬರುವುದರೊಳಗೆ ಎಬ್ಬಿಸಬೇಕು. ಆದರೆ ಹಸಿರಿನಲ್ಲಿ ಗೋಡೆಗೆ ಅನುಮತಿಯಿಲ್ಲ.

ಆಕ್ಷೇಪಣೆ ಕೇಳಲು ರಾಬರ್ಟ್‌ಸನ್‌ಪೇಟೆಯಲ್ಲಿ ಸಭೆ ಕರೆದರು. ಹವಾಮಾನದ ಹೊಡೆತ ತಾಳಿಕೊಳ್ಳುವ ಪಟ್ಟಣದ ಬಗ್ಗೆ ಅಧಿಕಾರಿಗಳು ಫ್ಯಾನಿನ ಕೆಳಗೆ ಕೂತು ಸೊಗಸಾಗಿ ಮಾತಾಡಿದರು. ನಾನು ಸೀರೆಯ ಸಂಗತಿ ವಿವರಿಸಿದೆ. ಸ್ಥಳೀಯ ಆಚರಣೆಗಳ ಬಗ್ಗೆ ತಮಗೆ ಅಪಾರ ಗೌರವವಿದೆ ಎಂದರು. ನನಗೆ ಮೈಯೆಲ್ಲ ಉರಿಯಿತು.

ಸೆಲ್ವಕ್ಕ ಎದ್ದಳು. "ಗೋಡೆ ಬಿದ್ದೋಗೈತೆ ಸಾರ್. ಮಳೆ ಬಂದ್ರೆ ಮೊಮ್ಮಕ್ಕಳ್ನ ಎತ್ಕೊಂಡು ಎಲ್ಲಿಗೋಗ್ಲಿ?"

"ದಿಬ್ಬದ ಮೇಲೆ ಸೈಟು ಕೊಡ್ತೀವಮ್ಮ. ಒಳ್ಳೆ ಗಾಳಿ ಬರುತ್ತೆ," ಎಂದರು ಅಧಿಕಾರಿ.

"ಆ ಗಾಳಿ ಕುಡ್ದೇ ನಮ್ಮೆಜಮಾನ್ರು ಓಗಿಬಿಟ್ರು ಸಾರ್. ನಂಗೆ ಸೈಟು ಬ್ಯಾಡ, ಗೋಡೆ ಒಂದು ಕಟ್ಕೊಂತೀನಿ."

ಅಧಿಕಾರಿ ನಕ್ಷೆಯ ಮೇಲೆ ಕಣ್ಣಾಡಿಸಿದರು. ಕೆಟ್ಟ ಮನುಷ್ಯರೇನಲ್ಲ, ಏನಾದರೂ ಕೊಡಬೇಕೆಂದು ಅವರಿಗೂ ಅನ್ನಿಸಿರಬೇಕು.

"ಪಾರ್ಕಲ್ಲಿ ಗೋಡೆ ಕಟ್ಟೋ ಹಾಗಿಲ್ಲಮ್ಮ. ಬೇಕಾದ್ರೆ ಕಲ್ಲುಬೆಂಚು ಹಾಕ್ಕೊಳ್ಳಿ, ಅದಕ್ಕೆ ಅವಕಾಶ ಇದೆ."

ಸೆಲ್ವಕ್ಕ ತುಸು ಯೋಚಿಸಿದಳು.

"ಬೆಂಚು ಎಷ್ಟೆತ್ರ ಆಕ್ಬೋದು ಸಾರ್?"