ಆಂಜನಮ್ಮನ ನಾಲ್ಕು ಸಿಲಿಂಡರ್

ಗರುಡಾಚಾರ್‌ಪಾಳ್ಯದ ಆಂಜನಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮನೆ ಮುಂದೆ ನಿಂತಿರುವ ಬಿಳಿ ಕಾರಿನ ವಿಷಯ ಕೇಳಿದರೆ ಉಸಿರು ಬಿಡದೆ ಹೇಳುತ್ತಿದ್ದಳು. ಸಾವಿರದ ನೂರ ತೊಂಬತ್ತೇಳು ಸಿಸಿ. ಪೆಟ್ರೋಲ್. ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ಒಳಗೆ ವಾಲ್ವ್ ಆಡಿಸುವುದು ಬೆಲ್ಟಲ್ಲ, ಚೈನು. ಬೆಲ್ಟಾದರೆ ಒಂದು ದಿನ ಹರಿಯುತ್ತದೆ. ಚೈನು ಹೊತ್ತಿಗೆ ಸರಿಯಾಗಿ ಆಯಿಲ್ ಕಂಡರೆ ಸಾಕು, ಇಂಜಿನ್ ಇರುವಷ್ಟು ಕಾಲ ಇರುತ್ತದೆ.

ಇದೆಲ್ಲ ಅವಳಿಗೆ ಬಂದದ್ದು ಗಂಡ ರಾಮಾಂಜಿನಪ್ಪನಿಂದ. ಮನೆಗೆ ಯಾರೇ ಬರಲಿ, ಕಾಫಿ ಬರುವ ಮೊದಲೇ ಅವನು ಬಾನೆಟ್ ಎತ್ತುತ್ತಿದ್ದ. "ಎರಡು ಲಕ್ಷ ಕಿಲೋಮೀಟರ್ ಆಯ್ತು. ಇಂಜಿನ್ ಒಂದ್ಸಲಾನೂ ಬಿಚ್ಚಿಲ್ಲ ರೀ" ಎನ್ನುತ್ತಿದ್ದ. ಬಂದವರು ಕಾಫಿ ಆರಿಹೋಗುತ್ತಿದೆಯಲ್ಲ ಎಂದು ಒಳಗೆ ನೋಡುತ್ತಿದ್ದರು.

ಅವನು ಹೋಗಿ ಒಂದೂವರೆ ವರ್ಷ. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಅಲ್ಲೇ ಕುಸಿದ. ಹೃದಯ ಎಂದರು ಡಾಕ್ಟರು. ತಿಥಿ ಮುಗಿದ ಮೇಲೆ ಆಂಜನಮ್ಮ ದಿನಾ ಮಧ್ಯಾಹ್ನ ಕಾರಿನ ಎಡಗಡೆ ಸೀಟಿನಲ್ಲಿ ಹೋಗಿ ಕೂರುತ್ತಿದ್ದಳು. ಅದು ಅವಳ ಸೀಟು. ಆರು ತಿಂಗಳು ಹಾಗೇ ಕೂತಳು. ಒಂದು ದಿನ ಬಲಗಡೆ ಕೂತಳು. ಮಾರನೇ ವಾರ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಆಗ ಅವಳಿಗೆ ಐವತ್ಮೂರು. ಕಲಿಸಿದ ಹುಡುಗಿ ದಿವ್ಯ, "ಅಮ್ಮಾ, ಕ್ಲಚ್ಚು ಮೆಲ್ಲಗೆ ಬಿಡಿ, ಮಲಗಿರೋ ಮಗು ಕೈಯಿಂದ ಸೆರಗು ಬಿಡಿಸ್ಕೊಳೋ ಹಾಗೆ" ಎಂದಳು. ಮೊದಲನೇ ಸಲ ಫೇಲು. ಎರಡನೇ ಸಲ ಲೈಸೆನ್ಸ್ ಬಂತು. ಕಾರೂ ಅವಳ ಹೆಸರಿಗಾಯಿತು.

ಅಷ್ಟರಲ್ಲಿ ಕಾರಿಗೆ ಹದಿನೈದು ತುಂಬಿತು. ಕೆ.ಆರ್. ಪುರದ ಆರ್‌ಟಿಒದಲ್ಲಿ ಪರೀಕ್ಷೆಯಾಗಿ ಪಾಸಾದರೆ ಇನ್ನೈದು ವರ್ಷ. ಇಲ್ಲದಿದ್ದರೆ ರಸ್ತೆಗಿಳಿಸುವಂತಿಲ್ಲ.

"ಗುಜರಿಗೆ ಕೊಟ್ಬಿಡೋಣಮ್ಮ, ಹೊಸದು ಎಲೆಕ್ಟ್ರಿಕ್ ತಗೊಳೋಣ" ಎಂದ ಮಗ ವಸಂತ್. ಪಕ್ಕದ ರಸ್ತೆಯ ಪ್ಯಾಕಿಂಗ್ ಯೂನಿಟ್ಟಿನಲ್ಲಿ ಅವನು ಸೂಪರ್‌ವೈಸರ್.

"ಸೋಮವಾರ ಪರೀಕ್ಷೆ ಇದೆ. ಫೇಲಾದ್ರೆ ಕೀ ನಿನ್ನ ಕೈಗೆ ಕೊಡ್ತೀನಿ. ಪಾಸಾದ್ರೆ ಈ ಮಾತು ಮತ್ತೆ ಎತ್ತಬಾರದು" ಎಂದಳು ಆಂಜನಮ್ಮ.

ಸೋಮವಾರಕ್ಕೆ ಮುಂಚೆ ಆಯುಧಪೂಜೆ ಬಂತು.

ಪಕ್ಕದ ಮನೆ ಸುಕನ್ಯ ಕಾಂಪೌಂಡಿನ ಮೇಲಿಂದ ಇಣುಕಿದಳು. "ಅಕ್ಕಾ, ಗಾಡಿ ಪೂಜೆ ವಸಂತನ ಕೈಲಿ ಮಾಡ್ಸಿ. ನೀವು ಕುಂಕುಮ ಗಿಂಕುಮ ಮುಟ್ಟಬಾರದಲ್ವಾ?"

"ಯಾಕೆ, ಮುಟ್ಟಿದ್ರೆ ಕಾರು ಅಳುತ್ತಾ?"

"ನಾನಲ್ಲಪ್ಪ, ಜನ ಅಂತಾರೆ."

"ಜನಕ್ಕೆ ಲೈಸೆನ್ಸ್ ಇದ್ಯಾ ಕೇಳು. ನನಗಿದೆ."

ಹಾಗೆಂದ ಮೇಲೆ ಪೂಜೆ ಸಣ್ಣದಾಗಿ ಮಾಡಲು ಬರುತ್ತದೆಯೇ? ರಾಮಾಂಜಿನಪ್ಪ ಇಂಜಿನ್ನಿಗೆ ಒದ್ದೆ ಬಟ್ಟೆ ಆಡಿಸಿ ಮೂರು ಬೆರಳು ವಿಭೂತಿ ಎಳೆಯುತ್ತಿದ್ದ, ಅಷ್ಟೇ. ಆಂಜನಮ್ಮ ಬಾನೆಟ್ ಎತ್ತಿ ಎರಡು ಬಿಂದಿಗೆ ಅರಿಶಿನ ನೀರು ಸುರಿದಳು, ದೇವರಿಗೆ ಅಭಿಷೇಕ ಮಾಡಿದ ಹಾಗೆ. ಸೇವಂತಿಗೆ ಹಾರ ಹಾಕಿದಳು. ಬೂದುಗುಂಬಳ ಒಡೆದಳು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣಿಟ್ಟು ಕಾರು ಸ್ಟಾರ್ಟ್ ಮಾಡಿದಳು.

ಕಾರು ಗಡಗಡ ನಡುಗಿತು.

ಕಡಲೆಪುರಿ ತಿನ್ನುತ್ತಿದ್ದ ವಸಂತ್ ಹೊರಗೆ ಬಂದ. "ಅಮ್ಮಾ, ನಿನ್ನ ಇಂಜಿನ್ನು ಡ್ಯಾನ್ಸ್ ಮಾಡ್ತಿದೆ! ಪಿಸ್ಟನ್ ಹೋಗಿರ್ಬೇಕು. ಗುಜರಿಯವನಿಗೆ ಫೋನ್ ಹಾಕ್ಲಾ?"

"ಇನ್ನೂ ಸೋಮವಾರ ಬಂದಿಲ್ಲ ಕಣೋ" ಎಂದಳು. ಬಾಯಿ ಗಟ್ಟಿಯಾಗಿತ್ತು. ಹೊಟ್ಟೆಯೊಳಗೆ ಮಾತ್ರ ಸುಕನ್ಯಳ ಮಾತು ಕೂತುಬಿಟ್ಟಿತ್ತು. ಮುಟ್ಟಬಾರದವಳು ಮುಟ್ಟಿ ಹೀಗಾಯಿತೇ? ಅವನು ಹದಿಮೂರು ವರ್ಷಕ್ಕೂ ಮೇಲೆ ಕಾಪಾಡಿದ್ದನ್ನು ಅವಳು ಒಂದೇ ಬೆಳಿಗ್ಗೆ ಹಾಳು ಮಾಡಿದಳೇ?

ಮರುದಿನ ಅವಳೇ ಕಾರು ತೆಗೆದುಕೊಂಡು ಶಿವಾಜಿನಗರಕ್ಕೆ ಹೊರಟಳು. ಹಲಸೂರು ಕೆರೆಯ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವನು ತಲೆ ಹೊರಹಾಕಿದ.

"ಏನಮ್ಮಾ, ಟ್ರ್ಯಾಕ್ಟರ್ ಇಂಜಿನ್ ಹಾಕ್ಸಿದೀರಾ?"

"ನಂದು ಒಂದು ಸಿಲಿಂಡರ್ ಕೆಟ್ರೂ ಮೂರು ಓಡ್ತಿವೆ. ನಿಂದು ಇರೋದೇ ಒಂದು. ನಡಿ ಗುರು, ಹಸಿರು ಬಂತು."

ಚಾಂದ್ ಪಾಷಾ ಶಿವಾಜಿನಗರದ ಗಲ್ಲಿಯೊಂದರ ಮೆಕ್ಯಾನಿಕ್. ಈ ಕಾರಿಗೆ ರಾಮಾಂಜಿನಪ್ಪ ಬೇರೆಯವರ ಕೈ ತಾಕಿಸಿದವನಲ್ಲ. ಪಾಷಾ ಕಾರಿನೊಳಗೆ ಬಗ್ಗಿ ಹಿಂದಿನ ಸೀಟೂ ನೋಡಿದ.

"ಯಾರಕ್ಕಾ ಓಡಿಸ್ಕೊಂಡ್ ಬಂದಿದ್ದು?"

"ನಾನೇ, ಚಾಂದ್ ಭಾಯ್."

"ಮಾಷಾ ಅಲ್ಲಾ! ಅಣ್ಣ ಇದ್ದಿದ್ರೆ ದಾರಿ ಉದ್ದಕ್ಕೂ ಕಣ್ಮುಚ್ಕೊಂಡು ದೇವರ ಹೆಸರು ಹೇಳ್ತಿದ್ರು."

ಆಂಜನಮ್ಮನಿಗೆ ನಗು ಬಂತು. ತುಂಬಾ ದಿನದ ಮೇಲೆ ಯಾರೋ ಅವನ ಮಾತು ತೆಗೆದು ನಗಿಸಿದ್ದರು.

ಪಾಷಾ ಓಡುತ್ತಿರುವ ಇಂಜಿನ್ನಿನ ಮೇಲೆ ಪ್ಲಗ್ಗಿಗೆ ಕಿಡಿ ಕೊಡುವ ನಾಲ್ಕು ಕಾಯಿಲ್‌ಗಳ ವೈರು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದ. ಮೊದಲನೆಯದು ಕಿತ್ತಾಗ ಸದ್ದು ಇನ್ನೂ ಕೆಟ್ಟಿತು. ಎರಡನೆಯದಕ್ಕೂ ಹಾಗೇ. ಮೂರನೆಯದು ಕಿತ್ತಾಗ ಏನೂ ಬದಲಾಗಲಿಲ್ಲ.

"ಅದೇ" ಎಂದಳು ಆಂಜನಮ್ಮ. "ಕಿತ್ತರೂ ಸದ್ದು ಬದಲಾಗ್ಲಿಲ್ಲ ಅಂದ್ರೆ ಅದು ಮೊದಲೇ ಸತ್ತಿದೆ."

"ನನ್ನ ಅಂಗಡಿ ಮುಚ್ಚಿಸ್ತೀರ ನೀವು" ಎಂದು ಪಾಷಾ ಇಂಜಿನ್ ಆರಿಸಿದ. ಮೂರನೇ ಕಾಯಿಲ್ ಮೇಲೆತ್ತಿ ಟಾರ್ಚ್ ಬಿಟ್ಟ. ಪ್ಲಗ್ ಕೂತಿರುವ ಗುಂಡಿಯ ತುಂಬ ಹಳದಿ ನೀರು. ಅದರ ಮೇಲೊಂದು ಸೇವಂತಿಗೆ ಎಸಳು ತೇಲುತ್ತಿತ್ತು.

ಪಾಷಾ ಎಸಳನ್ನು ಚಿಮಟದಲ್ಲಿ ಎತ್ತಿ ಹಿಡಿದ. "ಪೂಜೆ ಜೋರಾಗೇ ಆಗಿದೆ."

ಆಂಜನಮ್ಮ ತಡೆಯಲಾರದೆ ಹೇಳಿಬಿಟ್ಟಳು. "ನಾನು ಮಾಡಬಾರದಿತ್ತಂತೆ ಭಾಯ್. ಗಂಡ ಇಲ್ಲದವಳು."

"ಅಯ್ಯೋ ಅಕ್ಕಾ! ನಿನ್ನೆಯಿಂದ ಇದೇ ಕಾಯಿಲೆ ಅಂತ ಆರು ಗಾಡಿ ಬಂದಿವೆ. ಐದು ಗಂಡಸ್ರು ತೊಳೆದಿದ್ದು. ನೀರಿಗೆ ಅದೆಲ್ಲ ಏನು ಗೊತ್ತು? ಗುಂಡಿ ಕಂಡ್ರೆ ಇಳಿಯುತ್ತೆ, ಅಷ್ಟೇ."

ಅವಳು ಮುಖ ಆಚೆ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪಾಷಾ ಗಾಳಿ ಹೊಡೆದು ನೀರು ತೆಗೆದ. ನಾಲ್ಕೂ ಪ್ಲಗ್ ಬಿಚ್ಚಿದವನು, ಸೋಮವಾರದ ಪರೀಕ್ಷೆ, ಮಗನ ಗುಜರಿ ಮಾತು ಎಲ್ಲ ಕೇಳಿ, ಇಂಜಿನ್ನಿನ ಬಲವನ್ನೂ ನೋಡಿಬಿಡೋಣ ಎಂದು ಒಂದೊಂದು ಗುಂಡಿಗೂ ಒತ್ತಡ ಅಳೆಯುವ ಮೀಟರ್ ತಿರುಗಿಸಿ ಕೂರಿಸಿದ. "ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ ಅಕ್ಕಾ." ನೂರ ಎಪ್ಪತ್ತು. ನೂರ ಎಪ್ಪತ್ತೆರಡು. ನೂರ ಅರವತ್ತೆಂಟು. ನೂರ ಎಪ್ಪತ್ತು.

"ನಾಲ್ಕೂ ಹೆಚ್ಚುಕಮ್ಮಿ ಸಮ ಇದ್ರೆ ಇಂಜಿನ್ ಗಟ್ಟಿ ಅಂತ ಅರ್ಥ. ಹದಿನೈದು ವರ್ಷದ್ದು ಅಂದ್ರೆ ಯಾರೂ ನಂಬಲ್ಲ. ಮಗನಿಗೆ ಹೇಳಿ, ಗುಜರಿಗೆ ಅವನ ಸ್ಕೂಟರ್ ಹಾಕ್ಲಿ."

ಹೊಸ ಪ್ಲಗ್ ಕೂತವು. ಕೀ ತಿರುಗಿಸಿದರೆ ಇಂಜಿನ್ ಓಡುತ್ತಿದೆಯೋ ಇಲ್ಲವೋ ಗೊತ್ತಾಗದಷ್ಟು ಮೆತ್ತಗೆ ಓಡಿತು. ಹೊಗೆ ತಪಾಸಣೆಯೂ ಅಂದೇ ಮುಗಿಯಿತು.

ಸೋಮವಾರ ವಸಂತ್ ಸ್ಕೂಟರಿನಲ್ಲಿ ಆರ್‌ಟಿಒಗೆ ಹಿಂದೆಯೇ ಬಂದ. ಇನ್‌ಸ್ಪೆಕ್ಟರ್ ಚಾಸಿ ನಂಬರ್ ನೋಡಿದರು, ದೀಪ ನೋಡಿದರು, ಬ್ರೇಕ್ ನೋಡಿದರು. "ಇಂಜಿನ್ ಸ್ಟಾರ್ಟ್ ಮಾಡಿಸಿ. ಓನರ್ ಎಲ್ಲಿ, ಅಮ್ಮ?"

"ನಾನೇ ಸಾರ್. ಸ್ಟಾರ್ಟ್ ಆಗೇ ಇದೆ."

ಅವರು ಬಾನೆಟ್ ಮೇಲೆ ಅಂಗೈಯಿಟ್ಟರು. ಕಾಗದಕ್ಕೆ ಸಹಿ ಹಾಕಿದರು. ಇನ್ನೈದು ವರ್ಷ.

ವಸಂತ್ ತಲೆ ಕೆರೆದುಕೊಂಡ. "ಸರಿ, ಗೆದ್ದೆ ಬಿಡು. ಅಮ್ಮಾ, ಭಾನುವಾರ ನಂಗೆ ಕಾರು ಕೊಡ್ತೀಯಾ?"

"ನೋಡೋಣ. ಇಂಜಿನ್ ಮೇಲೆ ನೀರು ಹಾಕಲ್ಲ ಅಂತ ಆಣೆ ಮಾಡಿದ್ರೆ."

"ನೀರಾ? ನಾನ್ಯಾಕೆ ಹಾಕ್ಲಿ?"

ಅವಳು ಗಾಜು ಏರಿಸಿ ಹೊರಟಳು. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಕೆಂಪು ದೀಪ ಬಿತ್ತು. ಈ ಸುದ್ದಿ ಮೊದಲು ಹೇಳಬೇಕಾಗಿದ್ದವನು ಇರಲಿಲ್ಲ. ಆಂಜನಮ್ಮ ಸ್ಟೇರಿಂಗ್ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಹಿಂದಿನವರು ಹಾರ್ನ್ ಹೊಡೆದರು.

"ಹೋಗ್ತೀನಿ ಇರ್ರೋ" ಎಂದು ಗದರಿ, ಕಣ್ಣೊರೆಸಿಕೊಂಡು, ಫಸ್ಟ್ ಗೇರ್ ಹಾಕಿದಳು.